ಕಷ್ಟದಲ್ಲಿ ದೇವರನ್ನು ನಂಬಿಕೊಂಡಿರೋದು ಹೇಗೆ? ಪದೇ ಪದೇ ಕೇಳುವ ಪ್ರಶ್ನೆಗಳು

ಹಾಸನ, ಸಕಲೇಶಪುರ, ಮೂಡಿಗೆರೆ, ಚಿಕ್ಕಮಗಳೂರು ಕಡೆ ಮನೆ ಪ್ರಾರ್ಥನೆ ಮುಗಿದು ಕಾಫಿ ಕುಡಿಯುವಾಗ, ಆಸ್ಪತ್ರೆ ವಾರ್ಡಿನ ಹೊರಗೆ, ಸಾವಿನ ಮನೆಯ ಅಂಗಳದಲ್ಲಿ ಜನ ಕೇಳುವ ಪ್ರಶ್ನೆಗಳು ಇವು. ಕ್ಯಾಥೊಲಿಕರು ಕೇಳಿದ್ದಾರೆ, ಸಿ.ಎಸ್.ಐ. (ಚರ್ಚ್ ಆಫ್ ಸೌತ್ ಇಂಡಿಯಾ) ಸಭೆಯವರು ಕೇಳಿದ್ದಾರೆ, ಪೆಂತೆಕೊಸ್ತ್ ಸಭೆಯವರೂ ಕೇಳಿದ್ದಾರೆ. ನಾನು ಫಾದರ್ ಅಲ್ಲ, ಪಾಸ್ಟರೂ ಅಲ್ಲ. ಕಷ್ಟದಲ್ಲಿರುವ ಮನೆಗಳಿಗೆ ಹೋಗಿ ಕೂತು ಬರುವುದು ಸಭೆಯಲ್ಲಿ ನನ್ನ ಪಾಲಿಗೆ ಬಂದಿರುವ ಕೆಲಸ. ಪೂರ್ತಿ ಓದಲೇಬೇಕು ಅಂತಿಲ್ಲ, ನಿಮ್ಮ ಪ್ರಶ್ನೆ ಯಾವುದೋ ಅದನ್ನು ನೋಡಿ.

ಕ್ರೈಸ್ತ ನಿರೀಕ್ಷೆ ಅಂದರೆ "ಎಲ್ಲಾ ಸರಿಹೋಗುತ್ತೆ ಬಿಡಿ" ಅನ್ನೋದೇನಾ?

ಅಲ್ಲ. ಹಾಗಂತ ಯಾರೂ ಗ್ಯಾರಂಟಿ ಕೊಡೋಕೆ ಆಗಲ್ಲ, ಬೈಬಲ್ಲೂ ಕೊಟ್ಟಿಲ್ಲ. ಲೋಕದಲ್ಲಿ ನಿಮಗೆ ಸಂಕಟ ಇದ್ದೇ ಇದೆ ಅಂತ ಯೇಸು ಶಿಷ್ಯರಿಗೆ ನೇರವಾಗಿ ಹೇಳಿದರು. ಹೇಳಿದ್ದು ಯಾವಾಗ? ಅವರನ್ನು ಹಿಡಿದುಕೊಂಡು ಹೋದ ರಾತ್ರಿಯೇ. ಅದರ ಜೊತೆಗೇ "ಧೈರ್ಯವಾಗಿರಿ, ನಾನು ಲೋಕವನ್ನು ಜಯಿಸಿದ್ದೇನೆ" ಅಂತಲೂ ಹೇಳಿದರು. ಯೋಹಾನ 16ರ ಕೊನೆಯ ವಚನ ಅದು.

ನಮ್ಮ ನಿರೀಕ್ಷೆ ನಿಂತಿರುವುದು ಈಗಾಗಲೇ ನಡೆದುಹೋದ ಒಂದು ಸಂಗತಿಯ ಮೇಲೆ. ಯೇಸು ಶಿಲುಬೆಯ ಮೇಲೆ ಸತ್ತರು, ಸಮಾಧಿಯಾದರು, ಮೂರನೆಯ ದಿನ ಎದ್ದುಬಂದರು. ಪೇತ್ರ ತನ್ನ ಮೊದಲ ಪತ್ರದ ಶುರುವಿನಲ್ಲೇ ಇದನ್ನು ಜೀವವುಳ್ಳ ನಿರೀಕ್ಷೆ ಅಂತ ಕರೆಯುತ್ತಾನೆ, ಅದನ್ನೂ ಊರೂರಿಗೆ ಚದುರಿಹೋಗಿ ಕಷ್ಟಪಡುತ್ತಿದ್ದ ವಿಶ್ವಾಸಿಗಳಿಗೆ ಬರೆಯುತ್ತಾನೆ. ಪೌಲ ಇನ್ನೂ ಕಡ್ಡಿ ಮುರಿದ ಹಾಗೆ ಹೇಳುತ್ತಾನೆ: ಕ್ರಿಸ್ತನು ಎದ್ದಿಲ್ಲವಾದರೆ ನಮ್ಮ ನಂಬಿಕೆಯೇ ವ್ಯರ್ಥ, ನಮ್ಮಷ್ಟು ನತದೃಷ್ಟರು ಯಾರೂ ಇಲ್ಲ. ಮಗಳ ಮದುವೆ, ಕೋರ್ಟಿನ ಕೇಸು, ಮೆಣಸಿನ ರೇಟು, ಸ್ಕ್ಯಾನಿಂಗ್ ರಿಪೋರ್ಟು ಎಲ್ಲವನ್ನೂ ದೇವರ ಮುಂದೆ ಇಡಬೇಕು, ಧಾರಾಳವಾಗಿ ಕೇಳಬೇಕು. ಆದರೆ ರಿಪೋರ್ಟು ಕೆಟ್ಟದಾಗಿ ಬಂದ ದಿನ ಪುನರುತ್ಥಾನ ಸುಳ್ಳಾಗುವುದಿಲ್ಲ. ಕಾಲು ಊರಿ ನಿಲ್ಲೋಕೆ ಇರುವ ಜಾಗ ಅದೊಂದೇ.

ಕಣ್ಣಿಗೆ ಕಾಣುವುದೆಲ್ಲ ಉಲ್ಟಾ ಇದ್ದಾಗ ದೇವರು ನಂಬಿಗಸ್ತ ಅಂತ ಯಾವ ಬಾಯಿಂದ ಹೇಳೋದು?

ಹಾಗೆ ಹೇಳಿದ ಒಬ್ಬ ಮನುಷ್ಯನ ಪರಿಸ್ಥಿತಿ ಹೇಗಿತ್ತು ಅಂತ ನೋಡೋಣ. ಕ್ರಿ.ಪೂ. 586ರಲ್ಲಿ ಬಾಬೆಲಿನ ಸೈನ್ಯ ಯೆರೂಸಲೇಮಿನ ಗೋಡೆ ಒಡೆದು ಒಳಗೆ ನುಗ್ಗಿತು. ಅದಕ್ಕೆ ಮೊದಲು ತಿಂಗಳುಗಟ್ಟಲೆ ಮುತ್ತಿಗೆ, ಊರೊಳಗೆ ಅನ್ನ ಇಲ್ಲ, ಮಕ್ಕಳು ಬೀದಿಯಲ್ಲಿ ಹಸಿವಿನಿಂದ ಸಾಯುತ್ತಿದ್ದರು. ಆಮೇಲೆ ದೇವಾಲಯಕ್ಕೆ ಬೆಂಕಿ ಬಿತ್ತು. ಆ ಬೂದಿಯ ನಡುವೆ ಕೂತು ಬರೆದ ಗೋಳಾಟವೇ ಪ್ರಲಾಪಗಳು ಅನ್ನುವ ಪುಸ್ತಕ. ಐದೇ ಅಧ್ಯಾಯ.

ಅದರ ಮೂರನೆಯ ಅಧ್ಯಾಯದಲ್ಲಿ ಆ ಪ್ರಸಿದ್ಧ ಮಾತು ಇದೆ: ಯೆಹೋವನ ಕರುಣೆ ನಿಂತುಹೋಗಿಲ್ಲ, ಅದು ದಿನದಿನವೂ ಹೊಸದು, ನಿನ್ನ ಸತ್ಯಸಂಧತೆ ದೊಡ್ಡದು. ಚರ್ಚಿನಲ್ಲಿ ಕೊಡುವ ಕ್ಯಾಲೆಂಡರಿನಲ್ಲಿ ಇಷ್ಟೇ ಇರುತ್ತೆ, ಸೂರ್ಯ ಹುಟ್ಟುವ ಚಿತ್ರದ ಕೆಳಗೆ. ಇದಕ್ಕೆ ಸ್ವಲ್ಪ ಮೊದಲು ಅದೇ ಮನುಷ್ಯ ಏನು ಹೇಳಿದ್ದಾನೆ ಗೊತ್ತಾ? ದೇವರು ನನ್ನನ್ನು ಕತ್ತಲೆಯಲ್ಲಿ ನಡೆಸಿದ, ತಪ್ಪಿಸಿಕೊಳ್ಳದ ಹಾಗೆ ಸುತ್ತ ಗೋಡೆ ಕಟ್ಟಿದ, ನಾನು ಕೂಗಿದರೂ ನನ್ನ ಪ್ರಾರ್ಥನೆ ಒಳಗೆ ಬರದ ಹಾಗೆ ತಡೆದ, ನನ್ನ ಹಲ್ಲು ಕಲ್ಲಿನಿಂದ ಮುರಿಯುವ ಹಾಗೆ ಮಾಡಿದ. ಆ ಒಳ್ಳೆಯ ಮಾತು ಆದಮೇಲೂ ಅಳು ನಿಲ್ಲುವುದಿಲ್ಲ, ಮತ್ತೆ ಎರಡು ಅಧ್ಯಾಯ ಅಳುತ್ತಾನೆ. ನೀನು ನಮ್ಮನ್ನು ಪೂರ್ತಿ ತಳ್ಳಿಬಿಟ್ಟೆಯಾ ಅನ್ನುವ ನೋವಿನಲ್ಲೇ ಪುಸ್ತಕ ಮುಗಿಯುತ್ತೆ.

ಕಣ್ಣಿಗೆ ಕಂಡಿದ್ದನ್ನು ಅವನು ಮುಚ್ಚಿಡಲಿಲ್ಲ. ಊರು ಸುಟ್ಟುಹೋಗಿದೆ ಅನ್ನುವುದೂ ನಿಜ, ದೇವರು ಮಾತು ತಪ್ಪುವವನಲ್ಲ ಅನ್ನುವುದೂ ನಿಜ ಅಂತ ಎರಡನ್ನೂ ಒಂದೇ ಬಾಯಲ್ಲಿ ಹೇಳಿದ. ನೀವೂ ಎರಡನ್ನೂ ಹೇಳಬಹುದು. ಒಂದನ್ನು ನುಂಗಿಕೊಂಡು ಇನ್ನೊಂದನ್ನು ಮಾತ್ರ ಹೇಳಬೇಕಾಗಿಲ್ಲ.

ಯೆರೆಮೀಯ 29:11ನ್ನು ನನ್ನ ಫೋನಿನ ಸ್ಕ್ರೀನಿನಲ್ಲೇ ಹಾಕಿಕೊಂಡಿದ್ದೇನೆ. ಆದರೂ ಏನೂ ಬದಲಾಗಿಲ್ಲ.

ನಿಮಗಾಗಿ ನಾನು ಮಾಡಿರುವ ಯೋಚನೆಗಳು ಕೇಡಿನವಲ್ಲ, ಹಿತದ್ದು ಅನ್ನುವ ವಚನ ಅಲ್ವಾ? ಇಟ್ಟುಕೊಳ್ಳಿ, ಒಳ್ಳೆಯದೇ. ಅದರ ಹಿಂದಿನ ವಚನವನ್ನೂ ಒಂದು ಸಲ ಓದಿ. ಇದು ಬಾಬೆಲಿಗೆ ಸೆರೆಹೋದವರಿಗೆ ಯೆರೆಮೀಯ ಕಳಿಸಿದ ಪತ್ರ. ನೀವು ವಾಪಸ್ ಬರೋಕೆ 70 ವರ್ಷ ಆಗುತ್ತೆ ಅಂತ ಅದರಲ್ಲಿದೆ. ಅಂದರೆ ಆ ಪತ್ರ ಕೇಳಿಸಿಕೊಂಡ ಹಿರಿಯರಲ್ಲಿ ಬಹಳ ಜನ ಯೆರೂಸಲೇಮನ್ನು ಮತ್ತೆ ನೋಡಲೇ ಇಲ್ಲ. ಅವರಿಗೆ ದೇವರು ಹೇಳಿದ್ದು: ಅಲ್ಲೇ ಮನೆ ಕಟ್ಟಿಕೊಳ್ಳಿ, ತೋಟ ಮಾಡಿ, ಮಕ್ಕಳಿಗೆ ಮದುವೆ ಮಾಡಿ, ಆ ಊರಿನ ಕ್ಷೇಮಕ್ಕಾಗಿ ಪ್ರಾರ್ಥಿಸಿ. ನಾಳೆ ಬೆಳಿಗ್ಗೆ ಬಿಡುಗಡೆ ಅಂತ ಹೇಳಿಕೊಂಡು ತಿರುಗುತ್ತಿದ್ದ ಸುಳ್ಳು ಪ್ರವಾದಿಗಳಿಗೆ ವಿರುದ್ಧವಾಗಿಯೇ ಬರೆದ ಪತ್ರ ಅದು.

ಹಾಗಾಗಿ ಅದು ನಿಮಗೂ ಸಲ್ಲುತ್ತೆ, ಆದರೆ ಈ ತಿಂಗಳ ಕೊನೆಯೊಳಗೆ ಕೆಲಸ ಸಿಗುತ್ತೆ ಅನ್ನುವ ಅರ್ಥದಲ್ಲಲ್ಲ. ನೀವು ಬೇಡ ಅಂದುಕೊಂಡ ಜಾಗದಲ್ಲೇ ದೇವರು ನಿಮ್ಮ ಜೊತೆ ಕೆಲಸ ಮಾಡುತ್ತಿದ್ದಾನೆ ಅನ್ನುವ ಅರ್ಥದಲ್ಲಿ.

ದೇವರ ಮೇಲೆ ಸಿಟ್ಟು ಬರುತ್ತೆ. ಇದು ಪಾಪಾನಾ?

ಈ ಪ್ರಶ್ನೆಯನ್ನು ಜನ ಯಾವಾಗಲೂ ಪಿಸುದನಿಯಲ್ಲೇ ಕೇಳುತ್ತಾರೆ. ಜೋರಾಗಿಯೇ ಕೇಳಬಹುದು. ಕೀರ್ತನೆಗಳ ಪುಸ್ತಕದಲ್ಲಿ ಸ್ತುತಿಯ ಹಾಡು ಎಷ್ಟೋ ಇವೆ, ಅಳುವಿನ ಹಾಡು, ದೂರಿನ ಹಾಡು ಕೂಡ ಅಷ್ಟೇ ತುಂಬಿಕೊಂಡಿವೆ. 13ನೆಯ ಕೀರ್ತನೆ ತೆಗೆಯಿರಿ: ಎಷ್ಟು ಕಾಲ ನನ್ನನ್ನು ಮರೆತಿರುತ್ತೀ, ಎಷ್ಟು ಕಾಲ ಮುಖ ತಿರುಗಿಸಿಕೊಂಡಿರುತ್ತೀ. 44ನೆಯದರಲ್ಲಿ ಯಾಕೆ ನಿದ್ದೆ ಮಾಡುತ್ತಿದ್ದೀ, ಎದ್ದೇಳು ಅಂತ ದೇವರನ್ನೇ ಗದರಿಸುವ ಹಾಗೆ ಕೂಗುತ್ತಾರೆ. 88ನೆಯದು ಎಲ್ಲಕ್ಕಿಂತ ಕಠಿಣ. ಶುರುವಿನಿಂದ ಕೊನೆಯವರೆಗೆ ಕತ್ತಲೆ, "ಆದರೂ ನಿನ್ನನ್ನು ಸ್ತುತಿಸುವೆನು" ಅನ್ನುವ ಸಮಾಧಾನದ ಸಾಲು ಕೂಡ ಕೊನೆಯಲ್ಲಿ ಬರುವುದಿಲ್ಲ. ಇಂಥದ್ದನ್ನೂ ದೇವರು ತನ್ನ ಜನರ ಪ್ರಾರ್ಥನಾ ಪುಸ್ತಕದಲ್ಲಿ ಉಳಿಸಿಕೊಂಡಿದ್ದಾನೆ.

ಮಕ್ಕಳು, ಆಸ್ತಿ, ಆರೋಗ್ಯ ಎಲ್ಲ ಕಳೆದುಕೊಂಡ ಯೋಬನನ್ನು ನೋಡಿ. ನಾನು ಹುಟ್ಟಿದ ದಿನವೇ ಹಾಳಾಗಲಿ ಅಂದ. ದೇವರೇ ನನ್ನನ್ನು ಗುರಿಯಿಟ್ಟು ಬಾಣ ಬಿಡುತ್ತಿದ್ದಾನೆ ಅಂದ. ಅವನ ಸ್ನೇಹಿತರು ಹಾಗಲ್ಲ, ದೇವರ ಪರವಾಗಿ ನೀಟಾಗಿ, ಒಪ್ಪವಾಗಿ ಮಾತಾಡಿದರು. ಕೊನೆಗೆ ದೇವರು ಕೋಪಗೊಂಡಿದ್ದು ಆ ಸ್ನೇಹಿತರ ಮೇಲೆ. ನನ್ನ ಸೇವಕ ಯೋಬನ ಹಾಗೆ ನೀವು ನನ್ನ ವಿಷಯವಾಗಿ ಸರಿಯಾಗಿ ಮಾತಾಡಲಿಲ್ಲ ಅಂದ. ದೇವರು ಯೋಬನ ಜೊತೆ ನೇರವಾಗಿ ಮಾತಾಡಿದಾಗ ಅವನು ಬಾಯಿ ಮೇಲೆ ಕೈಯಿಟ್ಟುಕೊಂಡ ಅನ್ನುವುದು ನಿಜ, ಆದರೆ ಅದುವರೆಗೆ ಅವನು ದೇವರ ಹತ್ತಿರವೇ ಜಗಳ ಮಾಡುತ್ತಿದ್ದ. ಎದ್ದು ಹೋಗಲಿಲ್ಲ.

ಸ್ವತಃ ಯೇಸುವೇ ಶಿಲುಬೆಯ ಮೇಲಿಂದ "ನನ್ನ ದೇವರೇ, ನನ್ನ ದೇವರೇ, ಯಾಕೆ ನನ್ನನ್ನು ಕೈಬಿಟ್ಟಿದ್ದೀ" ಅಂತ 22ನೆಯ ಕೀರ್ತನೆಯ ಮಾತನ್ನೇ ಕೂಗಿದರು. ಕೂಗುವಾಗಲೂ "ನನ್ನ ದೇವರೇ" ಅಂದರು, ಗಮನಿಸಿ. ದೇವರ ಹತ್ತಿರ ಹೋಗಿ ದೂರು ಹೇಳುವವನು ದೇವರು ಇದ್ದಾನೆ, ಕೇಳುತ್ತಾನೆ ಅಂತ ಇನ್ನೂ ನಂಬಿದ್ದಾನೆ. ಹಾಗಾಗಿ ಸಿಟ್ಟು ಬಂದಿದ್ದರೆ ಅದನ್ನೂ ಅವನ ಹತ್ತಿರವೇ ಹೇಳಿ. ಬೇರೆಯವರ ಹತ್ತಿರ ದೇವರ ಬಗ್ಗೆ ಗೊಣಗುವುದಕ್ಕಿಂತ ಅದು ಎಷ್ಟೋ ಮೇಲು.

ನಾವೇನೋ ಪಾಪ ಮಾಡಿದ್ದಕ್ಕೆ ಈ ಕಷ್ಟ ಬಂತಾ? ಮನೆತನಕ್ಕೆ ಶಾಪ ಇದೆ ಅಂತ ಒಬ್ಬರು ಹೇಳಿದರು.

ಹುಟ್ಟು ಕುರುಡನನ್ನು ನೋಡಿ ಶಿಷ್ಯರು ಇದನ್ನೇ ಕೇಳಿದರು: ಯಾರ ಪಾಪ, ಇವನದಾ, ಇವನ ತಂದೆತಾಯಿಯದಾ? ಇವನದೂ ಅಲ್ಲ, ಅವರದೂ ಅಲ್ಲ ಅಂದರು ಯೇಸು. ಸಿಲೋವದ ಗೋಪುರ ಬಿದ್ದು 18 ಜನ ಸತ್ತಿದ್ದರು. ಅವರು ಉಳಿದವರಿಗಿಂತ ದೊಡ್ಡ ಪಾಪಿಗಳು ಅಂದುಕೊಂಡಿರಾ ಅಂತ ಕೇಳಿ, ಅಲ್ಲ ಅಂತ ತಾವೇ ಉತ್ತರ ಕೊಟ್ಟರು.

2019ರ ಆಗಸ್ಟಿನಲ್ಲಿ ಮೂಡಿಗೆರೆ ತಾಲ್ಲೂಕಿನ ಮಲೆಮನೆ, ಮಧುಗುಂಡಿ ಕಡೆ ಗುಡ್ಡ ಕುಸಿಯಿತಲ್ಲ, ಮನೆ ತೋಟ ಕೊಚ್ಚಿಹೋದವು. ಅಲ್ಲಿಯವರು ಪಕ್ಕದ ಊರಿನವರಿಗಿಂತ ಕೆಟ್ಟವರಾಗಿದ್ದರಾ? ಯಾರಾದರೂ ಹಾಗೆ ಹೇಳಿದರೆ ನಮಗೆ ಸಿಟ್ಟು ಬರುತ್ತೆ. ಅದೇ ನ್ಯಾಯವನ್ನು ನಿಮ್ಮ ಮನೆಗೂ ಕೊಡಿ.

ಕುಡಿತದಿಂದ ಲಿವರ್ ಹೋಗುವುದು, ಮೋಸ ಮಾಡಿ ಸಿಕ್ಕಿಬೀಳುವುದು, ಇಂಥವು ಬೇರೆ. ಅಲ್ಲಿ ಕಾರಣ ಕಣ್ಣೆದುರೇ ಇದೆ, ಪಶ್ಚಾತ್ತಾಪಪಟ್ಟು ತಿರುಗಿಕೊಳ್ಳಬೇಕು. ಆದರೆ ಮಗುವಿನ ಕಾಯಿಲೆಗೆ ಅಜ್ಜನ ಪಾಪ ಹುಡುಕಿಕೊಂಡು ಹೋಗಬೇಡಿ. ಶಾಪ ಬಿಡಿಸುತ್ತೇನೆ, ಇಷ್ಟು ಖರ್ಚಾಗುತ್ತೆ ಅಂದವರ ಮನೆ ಕಡೆ ಹೋಗಲೇಬೇಡಿ. ಕ್ರಿಸ್ತನು ನಮಗೋಸ್ಕರ ಶಾಪವಾಗಿ ಧರ್ಮಶಾಸ್ತ್ರದ ಶಾಪದಿಂದ ನಮ್ಮನ್ನು ಬಿಡಿಸಿದ ಅಂತ ಗಲಾತ್ಯದವರಿಗೆ ಬರೆದ ಪತ್ರದಲ್ಲಿದೆ. ಅದಕ್ಕೆ ಯಾರೂ ಫೀಸು ತೆಗೆದುಕೊಳ್ಳುವ ಹಾಗಿಲ್ಲ.

ಪಕ್ಕದ ಮನೆಯವರ ಪ್ರಾರ್ಥನೆಗೆ ಉತ್ತರ ಸಿಕ್ಕಿತು, ಸಾಕ್ಷಿನೂ ಹೇಳಿದರು. ನಮಗೆ ಸಿಗಲಿಲ್ಲ. ನಮ್ಮ ನಂಬಿಕೆ ಸಾಲದಾ?

ಅಪೊಸ್ತಲರ ಕೃತ್ಯಗಳು 12ನೆಯ ಅಧ್ಯಾಯ ಓದಿ, ಒಂದೇ ಅಧ್ಯಾಯ. ಹೆರೋದ ರಾಜ ಮೊದಲು ಯೋಹಾನನ ಅಣ್ಣ ಯಾಕೋಬನನ್ನು ಹಿಡಿದು ಕತ್ತಿಯಿಂದ ಕೊಲ್ಲಿಸಿದ. ಆಮೇಲೆ ಪೇತ್ರನನ್ನು ಹಿಡಿದ. ಪೇತ್ರನಿಗಾಗಿ ಸಭೆ ಪ್ರಾರ್ಥಿಸಿತು, ರಾತ್ರಿ ದೇವದೂತ ಬಂದು ಸರಪಳಿ ಕಳಚಿ ಹೊರಗೆ ಕರೆದುಕೊಂಡು ಹೋದ. ಯಾಕೋಬನಿಗಾಗಿ ಯಾರೂ ಪ್ರಾರ್ಥಿಸಿರಲಿಲ್ಲವಾ? ಅವನ ನಂಬಿಕೆ ಕಡಿಮೆಯಿತ್ತಾ? ಇಬ್ಬರೂ ಯೇಸುವಿನ ಹತ್ತಿರದ ಶಿಷ್ಯರೇ. ಯಾಕೋಬನ ತಾಯಿಗೆ ಪೇತ್ರ ಬಿಡುಗಡೆಯಾದ ಸುದ್ದಿ ಬಂದಾಗ ಹೇಗಾಗಿರಬೇಡ ಅಂತ ನಾನು ಬಹಳ ಸಲ ಯೋಚಿಸಿದ್ದೇನೆ. ಒಬ್ಬ ಯಾಕೆ ಉಳಿದ, ಇನ್ನೊಬ್ಬ ಯಾಕೆ ಸತ್ತ ಅಂತ ಬೈಬಲ್ ಅಲ್ಲಿ ವಿವರಿಸುವುದಿಲ್ಲ. ಬೈಬಲ್ ವಿವರಿಸದೆ ಬಿಟ್ಟದ್ದನ್ನು ನಾವು ವಿವರಿಸೋಕೆ ಹೋಗಬಾರದು.

ಇಬ್ರಿಯರಿಗೆ ಬರೆದ ಪತ್ರದ 11ನೆಯ ಅಧ್ಯಾಯದಲ್ಲೂ ಹೀಗೇ. ನಂಬಿಕೆಯಿಂದ ಕತ್ತಿಯ ಬಾಯಿಂದ ತಪ್ಪಿಸಿಕೊಂಡವರ ಪಟ್ಟಿ ಬರುತ್ತೆ, ಮೂರೇ ವಚನ ಕಳೆಯುವುದರೊಳಗೆ ನಂಬಿಕೆಯಿಂದಲೇ ಕತ್ತಿಗೆ ಬಲಿಯಾದವರು ಬರುತ್ತಾರೆ. ಇಬ್ಬರನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸಿ ಹೊಗಳಿದ್ದಾರೆ. ಪೌಲ ತನ್ನ ಶರೀರದ ಶೂಲ ತೆಗೆದುಹಾಕು ಅಂತ ಮೂರು ಸಲ ಬೇಡಿಕೊಂಡ. ತೆಗೆಯಲಿಲ್ಲ. ನನ್ನ ಕೃಪೆ ನಿನಗೆ ಸಾಕು ಅನ್ನುವ ಉತ್ತರ ಬಂತು. ದಾನಿಯೇಲನ ಪುಸ್ತಕದ ಆ ಮೂವರು ಯುವಕರು ಬೆಂಕಿಯ ಕುಲುಮೆ ಮುಂದೆ ನಿಂತು ಹೇಳಿದ್ದು ನನಗೆ ತುಂಬಾ ಇಷ್ಟ: ನಮ್ಮ ದೇವರು ಬಿಡಿಸಬಲ್ಲ, ಬಿಡಿಸದೆ ಹೋದರೂ ನಿನ್ನ ಬಂಗಾರದ ಪ್ರತಿಮೆಗೆ ನಾವು ಅಡ್ಡಬೀಳಲ್ಲ.

ಸಭೆಗಳಿಗೆ ಒಂದು ಮಾತು. ಸಾಕ್ಷಿ ಹೇಳೋಕೆ ಗುಣವಾದವರನ್ನು ಮಾತ್ರ ಕರೆಯಬೇಡಿ. ಗುಣವಾಗದೆಯೂ ದೇವರನ್ನು ಬಿಡದೆ ಇರುವವರು ಪ್ರತಿ ಸಭೆಯಲ್ಲೂ ಇದ್ದಾರೆ, ಹಿಂದಿನ ಬೆಂಚಿನಲ್ಲಿ ಕೂತಿರುತ್ತಾರೆ. ಅವರಿಗೂ ಮೈಕ್ ಕೊಡಿ.

ದೊಡ್ಡ ಕಾಣಿಕೆ ಹಾಕಿದರೆ ಕಷ್ಟ ಬೇಗ ತೀರುತ್ತೆ ಅಂತಾರಲ್ಲ?

ಸುಳ್ಳು. ಕಾಣಿಕೆ ಕೃತಜ್ಞತೆಗೆ ಹಾಕುವುದು, ವ್ಯಾಪಾರಕ್ಕಲ್ಲ. ಕಷ್ಟದಲ್ಲಿರುವವರ ಕೈಯಿಂದ ಹಣ ಎಳೆಯುವವರ ಬಗ್ಗೆ ಯೇಸು ಹೇಳಿದ ಮಾತು ಖಾರವಾಗಿದೆ: ವಿಧವೆಯರ ಮನೆ ನುಂಗುವವರು. ನಿಮ್ಮ ಮನೆಯಲ್ಲಿ ಅಕ್ಕಿಗೆ ದುಡ್ಡಿಲ್ಲದಿದ್ದರೆ ಈ ತಿಂಗಳು ಸಭೆ ನಿಮಗೆ ಕೊಡಬೇಕು.

ಬೆಳೆ ಹೋಯಿತು, ಸಾಲ ಇದೆ. ದೇವರನ್ನು ನಂಬಿ ಸುಮ್ನೆ ಕೂತಿರಬೇಕಾ?

ಮೊದಲು ಹಬಕ್ಕೂಕನ ಕೊನೆಯ ಅಧ್ಯಾಯ. ಅಂಜೂರ ಚಿಗುರದೆ ಹೋದರೂ, ದ್ರಾಕ್ಷಿ ಹಣ್ಣು ಬಿಡದೆ ಹೋದರೂ, ಎಣ್ಣೆಮರದ ಫಲ ಕೈಕೊಟ್ಟರೂ, ಹೊಲದಲ್ಲಿ ಅನ್ನ ಬೆಳೆಯದಿದ್ದರೂ, ಹಟ್ಟಿಯಲ್ಲಿ ಕುರಿ ಇಲ್ಲದಿದ್ದರೂ, ಕೊಟ್ಟಿಗೆಯಲ್ಲಿ ದನ ಇಲ್ಲದಿದ್ದರೂ ನಾನು ಯೆಹೋವನಲ್ಲಿ ಸಂತೋಷಪಡುತ್ತೇನೆ ಅನ್ನುತ್ತಾನೆ. ನಮ್ಮ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಹೂ ಮಳೆ ಬಾರದೆ ಕಾಫಿ ಒಣಗಿ ನಿಂತರೂ, ಆಗಸ್ಟ್ ಮಳೆಗೆ ಕಾಯಿ ಉದುರಿದರೂ, ಕಾಂಡಕೊರಕ ಬಿದ್ದು ಅರೇಬಿಕಾ ಗಿಡ ಕಿತ್ತು ಸುಡಬೇಕಾಗಿ ಬಂದರೂ, ಸೊರಗು ರೋಗಕ್ಕೆ ಮೆಣಸಿನ ಬಳ್ಳಿ ಹೋದರೂ, ಅಂಗಮಾರಿಗೆ ಆಲೂಗಡ್ಡೆ ಹೋದರೂ, ರಾತ್ರಿ ಆನೆ ಬಂದು ಗದ್ದೆ ತುಳಿದರೂ. ಆ ಪ್ರವಾದಿ ಇದನ್ನು ಹೊಟ್ಟೆ ತುಂಬಿದವನ ಧಾಟಿಯಲ್ಲಿ ಹೇಳಲಿಲ್ಲ. ನನ್ನ ಹೊಟ್ಟೆಯೊಳಗೆ ನಡುಕ, ತುಟಿ ಅದುರುತ್ತಿದೆ ಅಂತ ಅದಕ್ಕೆ ಒಂದು ವಚನ ಮೊದಲು ಹೇಳಿಕೊಂಡಿದ್ದಾನೆ.

ಆದರೆ ಸುಮ್ನೆ ಕೂರೋದು ನಂಬಿಕೆ ಅಲ್ಲ. ಶತ್ರುಗಳು ಬರುತ್ತಾರೆ ಅಂತ ಗೊತ್ತಾದಾಗ ಯೆರೂಸಲೇಮಿನ ಗೋಡೆ ಮತ್ತೆ ಕಟ್ಟಿಸುತ್ತಿದ್ದ ನೆಹೆಮೀಯ ಪ್ರಾರ್ಥನೆಯನ್ನೂ ಮಾಡಿದ, ಹಗಲೂ ರಾತ್ರಿ ಕಾವಲನ್ನೂ ಇಟ್ಟ. ಹಾಗೇ ನೀವೂ ಮಾಡಿ. ಬೆಳೆ ನಷ್ಟದ ಫೋಟೋ ತೆಗೆದು, ಪಹಣಿ ಜೊತೆ ಅರ್ಜಿ ಕೊಡಿ. ಬ್ಯಾಂಕಿನವರು ನೋಟಿಸ್ ಕಳಿಸುವ ಮೊದಲೇ ನೀವೇ ಮ್ಯಾನೇಜರ್ ಹತ್ತಿರ ಹೋಗಿ ಪರಿಸ್ಥಿತಿ ಹೇಳಿ, ಕಂತು ಮುಂದೂಡೋಕೆ ಆಗುತ್ತಾ ಅಂತ ಕೇಳಿ. ಒಂದು ಸಾಲ ತೀರಿಸೋಕೆ ಮೀಟರ್ ಬಡ್ಡಿಗೆ ಇನ್ನೊಂದು ಸಾಲ ತೆಗೆಯಬೇಡಿ. ಮೈಕ್ರೋಫೈನಾನ್ಸ್‌ನವರು ಮನೆ ಬಾಗಿಲಿಗೆ ಬಂದು ಹೆದರಿಸಿದರೆ ಸುಮ್ಮನಿರಬೇಕಾಗಿಲ್ಲ. ಸಾಲ ವಸೂಲಿಯ ಕಿರುಕುಳ ತಡೆಯೋಕೆ ರಾಜ್ಯ ಸರ್ಕಾರ 2025ರ ಫೆಬ್ರುವರಿಯಲ್ಲಿ ಸುಗ್ರೀವಾಜ್ಞೆಯನ್ನೇ ತಂದಿತು, ಪೊಲೀಸರಿಗೆ ದೂರು ಕೊಡಬಹುದು. ಮತ್ತೆ ಮನೆಯಲ್ಲಿ ಹೆಂಡತಿ ಅಥವಾ ಗಂಡನಿಗೆ ಸಾಲದ ಪೂರ್ತಿ ಲೆಕ್ಕ ಹೇಳಿಬಿಡಿ. ಮುಚ್ಚಿಟ್ಟ ಸಾಲ ಒಬ್ಬರ ಎದೆ ಮೇಲೇ ಕೂತಿರುತ್ತೆ, ಅದು ಪ್ರಾಣಕ್ಕೇ ಅಪಾಯ.

ಮನಸ್ಸು ಪೂರ್ತಿ ಕುಗ್ಗಿದೆ, ನಿದ್ದೆ ಇಲ್ಲ. ಡಾಕ್ಟರ ಹತ್ತಿರ ಹೋದರೆ ದೇವರ ಮೇಲೆ ನಂಬಿಕೆ ಇಲ್ಲ ಅಂತಾಗುತ್ತಾ?

ಇಲ್ಲ, ಇಲ್ಲ, ಇಲ್ಲ. ಹಾಸನದಲ್ಲಿ ರೆಡ್‌ಫರ್ನ್ ಆಸ್ಪತ್ರೆ ಯಾರದ್ದು? ಸಿ.ಎಸ್.ಐ. ಸಭೆಯದ್ದು. ಆಸ್ಪತ್ರೆಗೆ ಹೋಗುವುದು ಅಪನಂಬಿಕೆ ಆಗಿದ್ದರೆ ಸಭೆಗಳು ಆಸ್ಪತ್ರೆ ಯಾಕೆ ನಡೆಸುತ್ತಿದ್ದವು? ಸುವಾರ್ತೆ ಬರೆದ ಲೂಕನೇ ವೈದ್ಯ. ಹಿಜ್ಕೀಯ ರಾಜ ಗುಣವಾಗುತ್ತಾನೆ ಅಂತ ದೇವರ ಮಾತು ಬಂದಮೇಲೂ ಯೆಶಾಯ ಹುಣ್ಣಿಗೆ ಅಂಜೂರದ ಪಟ್ಟು ಹಾಕಿಸಿದ.

ಪ್ರವಾದಿ ಎಲೀಯನ ಕಥೆ ಇಲ್ಲಿ ಹೇಳಲೇಬೇಕು. ಕರ್ಮೆಲ್ ಬೆಟ್ಟದ ಮೇಲೆ ಅಷ್ಟು ದೊಡ್ಡ ಜಯ ಆಗಿ ಸ್ವಲ್ಪದರಲ್ಲೇ ಅವನು ಕಾಡಿಗೆ ಓಡಿಹೋಗಿ, ಒಂದು ಗಿಡದ ಕೆಳಗೆ ಕೂತು, ಸಾಕು ದೇವರೇ, ನನ್ನ ಪ್ರಾಣ ತೆಗೆದುಬಿಡು ಅಂದ. ದೇವದೂತ ಅವನಿಗೆ ಉಪದೇಶ ಮಾಡಲಿಲ್ಲ. ಮಲಗಿದವನನ್ನು ತಟ್ಟಿ ಎಬ್ಬಿಸಿ, ಕೆಂಡದ ಮೇಲೆ ಸುಟ್ಟ ರೊಟ್ಟಿ ಮತ್ತು ನೀರು ಕೊಟ್ಟು ಊಟ ಮಾಡು ಅಂದ. ಅವನು ತಿಂದು ಮತ್ತೆ ಮಲಗಿದ. ಎರಡನೆಯ ಸಲವೂ ಎಬ್ಬಿಸಿ ಊಟ ಕೊಟ್ಟ, ದಾರಿ ದೂರ ಇದೆ, ನಿನಗೆ ಶಕ್ತಿ ಸಾಲದು ಅಂತ ಹೇಳಿ. ದೇವರು ಮಾತಾಡಿದ್ದು ಆಮೇಲೆ.

ಸತ್ತುಹೋಗಬೇಕು ಅನ್ನುವ ಯೋಚನೆ ಬರುತ್ತಿದ್ದರೆ ದಯವಿಟ್ಟು ಇವತ್ತೇ ಯಾರಿಗಾದರೂ ಹೇಳಿ, ಒಬ್ಬರೇ ಇರಬೇಡಿ. 14416ಕ್ಕೆ ಫೋನ್ ಮಾಡಿ, ಅದು ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ, ಹಗಲೂ ರಾತ್ರಿ ಸಿಗುತ್ತೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಜಿಲ್ಲಾ ಆಸ್ಪತ್ರೆಯಲ್ಲಿ ಮಾನಸಿಕ ತಜ್ಞರನ್ನು ಕೇಳಿ. ಅವರು ಮಾತ್ರೆ ಕೊಟ್ಟರೆ ತೆಗೆದುಕೊಳ್ಳಿ. ಉಪವಾಸ ಪ್ರಾರ್ಥನೆಗೆ ಅಂತ ಮಾತ್ರೆ ನಿಲ್ಲಿಸಬೇಡಿ.

ಪ್ರಾರ್ಥನೆ ಮಾಡೋಕೇ ಆಗುತ್ತಿಲ್ಲ. ಬಾಯಿ ಬರಲ್ಲ.

ಬೇರೆಯವರ ಮಾತು ಎರವಲು ತೆಗೆದುಕೊಳ್ಳಿ. ಕರ್ತನ ಪ್ರಾರ್ಥನೆ ಇದೆ, ಜಪಸರ ಇದೆ, 13ನೆಯ ಕೀರ್ತನೆ ಇದೆ, ಆರೇ ವಚನ. ಅದೂ ಆಗದಿದ್ದರೆ "ಸ್ವಾಮಿ, ಕರುಣಿಸು" ಸಾಕು. ಏನು ಬೇಡಬೇಕು ಅಂತ ನಮಗೆ ಗೊತ್ತಿಲ್ಲದಾಗ ಪವಿತ್ರಾತ್ಮನೇ ಮಾತಿಗೆ ಸಿಗದ ನರಳಾಟದಿಂದ ನಮಗಾಗಿ ಬೇಡುತ್ತಾನೆ ಅಂತ ರೋಮ 8ರಲ್ಲಿದೆ. ಪಾರ್ಶ್ವವಾಯು ಬಡಿದವನನ್ನು ನಾಲ್ಕು ಜನ ಹೊತ್ತು ತಂದು ಮಾಳಿಗೆ ತೆಗೆದು ಇಳಿಸಿದರಲ್ಲ, ಯೇಸು ನೋಡಿದ್ದು ಅವರ ನಂಬಿಕೆಯನ್ನು ಅಂತ ಮಾರ್ಕ ಬರೆಯುತ್ತಾನೆ. ಈಗ ನಿಮ್ಮನ್ನು ಹೊರುವ ಸರದಿ ನಮ್ಮದು. ನಾಚಿಕೆಪಡದೆ ಹೇಳಿ.

ಮನೆಯಲ್ಲಿ ಸಾವಾಗಿದೆ. ಸ್ವರ್ಗಕ್ಕೆ ಹೋಗಿದ್ದಾರೆ, ಅಳಬಾರದು ಅಂತಾರೆ.

ಅಳಿ. ಲಾಜರನನ್ನು ಇನ್ನು ಸ್ವಲ್ಪ ಹೊತ್ತಿನಲ್ಲಿ ಎಬ್ಬಿಸುತ್ತೇನೆ ಅಂತ ಗೊತ್ತಿದ್ದೂ ಯೇಸು ಅವನ ಸಮಾಧಿಗೆ ಹೋಗುವ ದಾರಿಯಲ್ಲಿ ಅತ್ತರು. ನಿರೀಕ್ಷೆಯಿಲ್ಲದವರ ಹಾಗೆ ದುಃಖಿಸಬೇಡಿ ಅಂತ ಪೌಲ ಥೆಸಲೊನೀಕದವರಿಗೆ ಬರೆದ, ದುಃಖಿಸಲೇಬೇಡಿ ಅಂತ ಬರೆಯಲಿಲ್ಲ. ಸಾವನ್ನು ಅವನು ಕಡೆಯ ಶತ್ರು ಅಂತಲೇ ಕರೆಯುತ್ತಾನೆ. ಶತ್ರುವನ್ನು ಸ್ನೇಹಿತ ಅಂತ ಹೇಳಿಕೊಂಡು ಸಮಾಧಾನ ಮಾಡಿಕೊಳ್ಳಬೇಕಾಗಿಲ್ಲ. ಆ ಶತ್ರು ಸೋಲುತ್ತಾನೆ, ಸತ್ತವರು ಏಳುತ್ತಾರೆ, ಅವರನ್ನು ನಾವು ಮತ್ತೆ ನೋಡುತ್ತೇವೆ. ಇದು ನಾವು ನಂಬುವುದು. ಅದುವರೆಗೆ ಸತ್ತವರನ್ನು ನೆನೆಯುವ ದಿನವಾದ ನವೆಂಬರ್ 2ಕ್ಕೆ ಸಮಾಧಿ ತೊಳೆದು, ಹೂವಿಟ್ಟು, ಮೇಣದಬತ್ತಿ ಹಚ್ಚಿ ಅಳುವುದರಲ್ಲಿ ಅಪನಂಬಿಕೆ ಏನೂ ಇಲ್ಲ. ವರ್ಷವಾದರೂ ಅಳು ಬರುತ್ತಾ? ಬರಲಿ.

ಊರು ಬಿಟ್ಟು ಬೆಂಗಳೂರಿಗೆ ಬಂದಿದ್ದೇವೆ. ತೋಟ ಇಲ್ಲ, ನಮ್ಮ ಸಭೆ ಇಲ್ಲ. ದೇವರೂ ಅಲ್ಲೇ ಉಳಿದ ಹಾಗಿದೆ.

ಹಾಸನದ ಹತ್ತಿರದ ಶೆಟ್ಟಿಹಳ್ಳಿ ಚರ್ಚ್ ನಿಮಗೆ ಗೊತ್ತಿರುತ್ತೆ. ಗೊರೂರಿನಲ್ಲಿ ಹೇಮಾವತಿಗೆ ಅಣೆಕಟ್ಟು ಬಂದಾಗ ಜನ ಊರು ಬಿಡಬೇಕಾಯಿತು, ಚರ್ಚು ಹಿನ್ನೀರಿನಲ್ಲಿ ಉಳಿಯಿತು. ಮಳೆಗಾಲದಲ್ಲಿ ಅರ್ಧ ಮುಳುಗುತ್ತೆ, ಬೇಸಿಗೆಯಲ್ಲಿ ಪೂರ್ತಿ ಕಾಣುತ್ತೆ, ಚಾವಣಿ ಇಲ್ಲ. ಪ್ರವಾಸಿಗರು ಫೋಟೋ ತೆಗೆಯೋಕೆ ಬರುತ್ತಾರೆ. ನಾನು ಅಲ್ಲಿ ನಿಂತಾಗ ಯೋಚಿಸುವುದು ಆ ಮನೆತನಗಳ ಬಗ್ಗೆ. ಜ್ಞಾನಸ್ನಾನ ಆದ ಜಾಗ, ಮದುವೆಯಾದ ಜಾಗ, ಅಪ್ಪ ಅಮ್ಮನ ಕೊನೆಯ ಪೂಜೆ ಆದ ಜಾಗ ಬಿಟ್ಟು ಬೇರೆ ಊರಿಗೆ ಹೋಗಿ ಮೊದಲ ಭಾನುವಾರ ಪ್ರಾರ್ಥನೆಗೆ ಕೂತಾಗ ಅವರಿಗೂ ಇದೇ ಅನ್ನಿಸಿರುತ್ತೆ.

ಪ್ರವಾದಿ ಯೆಹೆಜ್ಕೇಲನಿಗೆ ದೇವರ ಮಹಿಮೆ ಕಾಣಿಸಿದ್ದು ಯೆರೂಸಲೇಮಿನಲ್ಲಿ ಅಲ್ಲ. ಬಾಬೆಲ್ ದೇಶದಲ್ಲಿ, ಕೆಬಾರ್ ನದಿಯ ಹತ್ತಿರ, ಸೆರೆಯವರ ನಡುವೆ. ದೇವಾಲಯ ಬಿಟ್ಟು ಅಷ್ಟು ದೂರ ಬಂದವರ ಹತ್ತಿರ ದೇವರೇ ಬಂದ. ನೀವು ಪೀಣ್ಯದ ಬಾಡಿಗೆ ರೂಮಿನಲ್ಲಿದ್ದರೂ ಅಷ್ಟೇ. ಈ ಭಾನುವಾರ ಹತ್ತಿರದ ಒಂದು ಕನ್ನಡ ಸಭೆ ಹುಡುಕಿಕೊಂಡು ಹೋಗಿ, ಮುಗಿದ ತಕ್ಷಣ ಎದ್ದು ಬರಬೇಡಿ, ಯಾರ ಹತ್ತಿರವಾದರೂ ಮಾತಾಡಿ.

ಕಷ್ಟದಲ್ಲಿರುವವರ ಮನೆಗೆ ಹೋದಾಗ ಏನು ಹೇಳಬೇಕು?

ಆದಷ್ಟು ಕಡಿಮೆ. ಯೋಬನ ಸ್ನೇಹಿತರು ಏಳು ದಿನ ಅವನ ಜೊತೆ ನೆಲದ ಮೇಲೆ ಮಾತಿಲ್ಲದೆ ಕೂತರು. ಅವರು ಮಾಡಿದ ಒಳ್ಳೆಯ ಕೆಲಸ ಅದೊಂದೇ, ಬಾಯಿ ತೆರೆದ ಮೇಲೆ ಎಲ್ಲಾ ಕೆಟ್ಟಿತು. "ದೇವರ ಚಿತ್ತ", "ಇದರಲ್ಲೂ ಏನೋ ಒಳ್ಳೆಯದಿದೆ", "ನಮ್ಮ ಅತ್ತೆಗೂ ಹೀಗೇ ಆಗಿತ್ತು" ಇವು ಮೂರನ್ನೂ ಮನೆಯಲ್ಲೇ ಬಿಟ್ಟುಹೋಗಿ. ದೇವರ ಚಿತ್ತವನ್ನು ಕಷ್ಟಪಡುವವರು ಅಳುತ್ತಾ ಒಪ್ಪಿಕೊಳ್ಳಬಹುದು, ನೋಡೋಕೆ ಬಂದವರು ಅವರ ಮೇಲೆ ಹೇರುವ ಹಾಗಿಲ್ಲ. ಅನ್ನ ಸಾರು ತೆಗೆದುಕೊಂಡು ಹೋಗಿ. ಮಕ್ಕಳನ್ನು ಸ್ಕೂಲಿಗೆ ಬಿಟ್ಟು ಬನ್ನಿ. ಕಾಫಿ ಕುಯ್ಲಿನ ಸಮಯವಾದರೆ ನಾಲ್ಕು ಜನ ಸೇರಿ ಒಂದು ದಿನ ಅವರ ತೋಟದಲ್ಲಿ ಹಣ್ಣು ಕುಯ್ದು ಕೊಡಿ. ಆಸ್ಪತ್ರೆಯಲ್ಲಿ ರಾತ್ರಿ ಕಾಯೋಕೆ ಜನ ಬೇಕಾ ಅಂತ ಕೇಳಿ. ಎಲ್ಲರೂ ಮೊದಲ ವಾರ ಬರುತ್ತಾರೆ, ನೀವು ಮೂರನೆಯ ತಿಂಗಳಲ್ಲೂ ಹೋಗಿ.

ಎಷ್ಟು ಕಾಲ ಕಾಯಬೇಕು?

ಅಬ್ರಹಾಮ 75ನೆಯ ವಯಸ್ಸಿನಲ್ಲಿ ಊರು ಬಿಟ್ಟ, ಇಸಾಕ ಹುಟ್ಟಿದಾಗ ಅವನಿಗೆ 100. ಯೋಸೇಫ 17ರಲ್ಲಿ ಕನಸು ಕಂಡ, ಫರೋಹನ ಮುಂದೆ ನಿಂತಾಗ 30. ನಿಮ್ಮದು ಎಷ್ಟು ಅಂತ ಹೇಳೋಕೆ ನನ್ನಿಂದ ಆಗಲ್ಲ. ತಾರೀಖು ಹೇಳುವವರನ್ನು ನಂಬಬೇಡಿ. ಇವತ್ತಿನ ಮಟ್ಟಿಗೆ ಇವತ್ತಿನ ಅನ್ನ ಕೇಳೋಕೆ ಯೇಸು ಕಲಿಸಿದರು, ಇಡೀ ವರ್ಷದ್ದನ್ನು ಇವತ್ತೇ ಹೊರೋಕೆ ಹೇಳಲಿಲ್ಲ.

ಮಕ್ಕಳಿಗೆ ಏನು ಹೇಳೋದು? ಅಪ್ಪನಿಗೆ ದೇವರು ಯಾಕೆ ವಾಸಿ ಮಾಡಲಿಲ್ಲ ಅಂತ ಕೇಳುತ್ತಾರೆ.

ಗೊತ್ತಿಲ್ಲ ಅಂತಲೇ ಹೇಳಿ. ದೇವರಿಗೆ ಅಪ್ಪ ಬೇಕಾಗಿತ್ತು, ಅದಕ್ಕೆ ಕರೆದುಕೊಂಡ ಅಂತ ಹೇಳಬೇಡಿ. ಆಮೇಲೆ ಮಗು ಅಮ್ಮನನ್ನೂ ಕರೆದುಕೊಳ್ಳುತ್ತಾನಾ ಅಂತ ರಾತ್ರಿಯೆಲ್ಲಾ ಹೆದರುತ್ತೆ. ನನಗೂ ಅರ್ಥವಾಗಿಲ್ಲ, ನನಗೂ ಅಳು ಬರುತ್ತೆ, ಆದರೂ ಯೇಸು ನಮ್ಮನ್ನು ಬಿಟ್ಟಿಲ್ಲ, ಅಪ್ಪನನ್ನೂ ಬಿಟ್ಟಿಲ್ಲ ಅಂತ ಹೇಳಿ. ರಾತ್ರಿ ಪ್ರಾರ್ಥನೆಯಲ್ಲಿ ಮಗು ದೇವರ ಹತ್ತಿರ ಜಗಳ ಮಾಡಿದರೆ ತಡೆಯಬೇಡಿ, ಪಕ್ಕದಲ್ಲಿ ಕೂತು ಕೊನೆಗೆ ಆಮೆನ್ ಹೇಳಿ. ಸ್ಕೂಲಿನ ಟೀಚರಿಗೂ ಭಾನುವಾರದ ಶಾಲೆಯ ಟೀಚರಿಗೂ ಮನೆಯಲ್ಲಿ ಆಗಿರುವುದನ್ನು ಮೊದಲೇ ತಿಳಿಸಿಬಿಡಿ.